ಖಾಲಿ ಬಿಡದ ಗೋಡೆ

ಆ ಊರಿನಲ್ಲಿ ಯಾರೂ ಯಾರ ಮುಖವನ್ನೂ ನೋಡಿಕೊಂಡು ಮಾತಾಡುವಂತಿರಲಿಲ್ಲ. ಅದು ಅಲ್ಲಿಯ ಕಟ್ಟಳೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂದು ಕೇಳಬೇಡಿ. ಆ ಊರಿನವರೇ ಕೇಳಿದವರಲ್ಲ. ಇಬ್ಬರು ಮಾತಾಡಬೇಕಾದರೆ ನಡುವೆ ಮೂರನೆಯದೊಂದು ಇರಬೇಕು, ಇಬ್ಬರೂ ಅದರತ್ತ ಮುಖ ಮಾಡಿರಬೇಕು, ಆಡುವ ಮಾತನ್ನು ಅದಕ್ಕೇ ಆಡಬೇಕು. ಅದಕ್ಕಾಗಿ ಪ್ರತಿ ನಡುಮನೆಯಲ್ಲೂ ಒಂದೊಂದು ಮರದ ಕಂಬ ನಿಲ್ಲಿಸಿದ್ದರು. ಮಾತುಗಂಬ ಎನ್ನುತ್ತಿದ್ದರು. ಸೊಸೆ ಕಂಬಕ್ಕೆ ಹೇಳುವಳು, "ಉಪ್ಪು ಮುಗಿದಿದೆ." ಅತ್ತೆ ಕಂಬಕ್ಕೆ ಹೇಳುವಳು, "ಮುಗೀದೆ ಏನು, ಸುರಿಯೋ ಕೈ ಹಾಗಿದೆ." ಕಂಬ ಎರಡನ್ನೂ ಕೇಳಿಕೊಂಡು ಸುಮ್ಮನಿರುವುದು.

ಕಟ್ಟಳೆ ಮೀರಿ ಆಡಿದವರ ಧ್ವನಿ ಬಾವಿ ನೀರಿನ ಹಾಗೆ ಇಂಗಿಹೋಗುತ್ತಿತ್ತು. ಹಿಂದೊಬ್ಬ ಮದುಮಗ, ಪಾಪ, ಹೊಸ ಹೆಂಡತಿಯನ್ನು ನೇರವಾಗಿ ನೋಡಿ "ಊಟ ಆಯ್ತಾ?" ಅಂದುಬಿಟ್ಟ. ಅದೇ ಅವನ ಕೊನೆಯ ಮಾತು. ಈಗಲೂ ಸಂತೆಯಲ್ಲಿ ಸನ್ನೆ ಮಾಡಿಕೊಂಡೇ ಸೊಪ್ಪು ಮಾರುತ್ತಾನೆ.

ಇನ್ನೂ ಒಂದಿತ್ತು, ಅದು ಇದಕ್ಕಿಂತ ಕಠಿಣ. ಜಗಳದಲ್ಲಿ ಯಾರಾದರೂ ಮಾತುಗಂಬವನ್ನು ಕಡಿದು ಕೆಡವಿದರೆ, ಆ ಇಬ್ಬರು ಅಲ್ಲಿಗೆ ಒಬ್ಬರಿಗೊಬ್ಬರು ಮೂಕರು. ಬೇರೆ ಮನೆಯ ಕಂಬ ಅವರಿಗೆ ಆಗದು. ಕೆಡವಿದವರೇ ಹೊಸದನ್ನು ನಿಲ್ಲಿಸುವಂತಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮೂರನೆಯವರು ಹೊತ್ತು ತಲುಪಿಸುವಂತೆಯೂ ಇಲ್ಲ.

ಆ ಊರಿನ ಕಂಬಗಳನ್ನೆಲ್ಲ ಕಡೆದುಕೊಡುತ್ತಿದ್ದವನು ಒಬ್ಬನೇ ಬಡಗಿ. ಒಳ್ಳೆಯ ಕೈ. ಅವನು ಕಡೆದ ಕಂಬಕ್ಕೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಮದುವೆಗೊಂದು ಕಂಬ, ಮನೆ ಪಾಲಾದರೆ ಒಂದು ಕಂಬ, ವಯಸ್ಸಿಗೆ ಬಂದ ಮಗ ಅಪ್ಪನ ಜೊತೆ ಮಾತಾಡಲು ನಾಚಿಕೊಂಡರೆ ತುಸು ಗಿಡ್ಡ ಕಂಬ. ಹೀಗೆ ಊರಿಗೆಲ್ಲ ಮಾತು ಕೊಡುತ್ತಿದ್ದ ಬಡಗಿಗೆ ಸ್ವಂತ ಅಣ್ಣನ ಜೊತೆ ಮಾತಿರಲಿಲ್ಲ. ಮೂವತ್ತು ವರ್ಷದಿಂದ ಇರಲಿಲ್ಲ.

ಅಣ್ಣ ಊರಿನ ಗೋಡೆಗಳಿಗೆ ಸುಣ್ಣ ಬಳಿಯುವವನು. ಜನ ಅವನನ್ನು ಸುಣ್ಣದವನು ಎಂದೇ ಕರೆಯುತ್ತಿದ್ದರು. ಜಗಳ ಆದದ್ದು ಯಾವ ಹೊಲಕ್ಕೂ ಅಲ್ಲ, ಯಾವ ಒಡವೆಗೂ ಅಲ್ಲ. ಒಂದು ಚಿಣ್ಣಿಗೆ! ಇಬ್ಬರೂ ಹರೆಯದಲ್ಲಿ ಚಿಣ್ಣಿದಾಂಡು ಆಡುತ್ತಿದ್ದರು. ತಮ್ಮ ದಾಂಡಿನಲ್ಲಿ ಚಿಣ್ಣಿಯನ್ನು ಚಿಮ್ಮಿಸಿ ಹೊಡೆದ. ಅದು ಆಕಾಶಕ್ಕೆ ಹೋಗಿ ಬಂತು. ಅಣ್ಣ ಓಡಿ, ಮುಗ್ಗರಿಸಿ, ನೆಲಕ್ಕೆ ಎದೆ ಕೊಟ್ಟು ಕೈಚಾಚಿದ. ಎದ್ದಾಗ ಚಿಣ್ಣಿ ಅವನ ಮುಷ್ಟಿಯಲ್ಲಿತ್ತು.

"ಹಿಡಿದೆ!" ಅಂದ ಅಣ್ಣ. ನೆಲ ಮುಟ್ಟುವ ಮೊದಲೇ ಹಿಡಿದರೆ ಹೊಡೆದವನು ಔಟು.

"ನೆಲ ಮುಟ್ಟಿತು!" ಅಂದ ತಮ್ಮ.

ಬಯಲಿನಿಂದ ಮನೆಯವರೆಗೂ ಆ ಚಿಣ್ಣಿಗೆ ಮುಖ ಮಾಡಿಕೊಂಡು ಅದೇ. ಹಿಡಿದೆ. ಮುಟ್ಟಿತು. ಹಿಡಿದೆ. ಮುಟ್ಟಿತು. ಮನೆಗೆ ಬಂದು ಕಂಬದ ಎದುರು ನಿಂತು ಅಣ್ಣ, "ನನ್ನ ತಮ್ಮ ಸುಳ್ಳ" ಎಂದ. ತಮ್ಮ ಕೊಡಲಿ ತಂದು ಕಂಬವನ್ನೇ ಕಡಿದ. ಕಂಬ ಬಿದ್ದ ಮೇಲೆ ನೋಡಿಕೊಂಡರು, ಬಾಯಿ ತೆರೆದರು, ಮುಚ್ಚಿಕೊಂಡರು. ಅಷ್ಟೇ. ಮರುದಿನ ತಮ್ಮ ಬೀದಿಯ ಆ ಕೊನೆಗೆ ಮನೆ ಮಾಡಿದ.

ಮೂವತ್ತು ವರ್ಷ ಹೀಗೆ ಹೋಗುವಾಗ ಒಂದು ದಿನ ಊರಿಗೆ ಕನ್ನಡಿಯವನು ಬಂದ. ಅವನು ಬೇರೆ ಯಾವುದೋ ಊರಿನಲ್ಲಿ ಆಟದ ಸುದ್ದಿ ಸಾರುವ ಕೆಲಸದಲ್ಲಿದ್ದವನಂತೆ. ಒಂದು ಬೆಳಿಗ್ಗೆ ಅವರು ನಾಳೆಯಿಂದ ಬರಬೇಡ ಅಂದರಂತೆ. ಬೇಜಾರು ಮಾಡಿಕೊಂಡು ಮಲಗುವ ಜಾಯಮಾನ ಅಲ್ಲ ಅವನದು. ಒಂದು ಗಾಡಿ ತುಂಬ ಕನ್ನಡಿ ಹೇರಿಕೊಂಡು ಹೊರಟುಬಿಟ್ಟ. ಹೊರಗಿನವನಾದ್ದರಿಂದ ಕಟ್ಟಳೆ ಅವನಿಗೆ ತಾಕುತ್ತಿರಲಿಲ್ಲ. ಅವನು ಎಲ್ಲರ ಮುಖ ನೋಡಿಕೊಂಡು ಮಾತಾಡುವನು. ಊರಿನವರು ಅವನ ಗಾಡಿಯ ಚಕ್ರ ನೋಡಿಕೊಂಡು ಉತ್ತರಿಸುವರು.

"ಮೇಸ್ತ್ರಿಗಳೇ, ಹನ್ನೆರಡು ಕಂಬ ಬೇಕಿತ್ತು. ಎತ್ತರದ್ದು" ಎಂದ ಬಡಗಿಗೆ.

"ಹನ್ನೆರಡು ಮನೆ ಕಟ್ತೀರಾ?" ಎಂದು ಬಡಗಿ ಚಕ್ರವನ್ನು ಕೇಳಿದ.

"ಮನೆಗಲ್ಲ. ಕನ್ನಡಿ ಕೂರಿಸೋಕೆ."

"ಕನ್ನಡಿಗೆ ಕಂಬ ಯಾಕ್ರೀ? ಒಂದು ಮೊಳೆ ಸಾಕು."

"ದೂರದ ಬಯಲಲ್ಲಿ ಆಡೋ ಆಟಾನ ಇದರಲ್ಲಿ ಹಿಡೀಬೇಕು. ಹಿಡಿದು ಆ ಹಳೇ ಕಣಜದ ಗೋಡೆ ಮೇಲೆ ಹಾಕಬೇಕು. ಊರೆಲ್ಲ ಕೂತು ನೋಡಬೇಕು."

"ಎಷ್ಟು ಹೊತ್ತು?"

"ಹೊತ್ತು ಗೊತ್ತು ಇಲ್ಲ. ಗೋಡೆ ಒಂದು ಗಳಿಗೇನೂ ಖಾಲಿ ಬಿಡಲ್ಲ ಅಂತ ಹರಕೆ ಹೊತ್ತಿದೀನಿ."

"ಅಷ್ಟೊಂದು ಆಟ ಎಲ್ಲಿದ್ದಾವೆ ಸ್ವಾಮಿ?"

"ಅದೇ ನನಗೂ ಗೊತ್ತಿಲ್ಲ ನೋಡಿ!" ಎಂದು ಕನ್ನಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬಡಗಿಗೂ ನಗು ಬಂತು. ಹುಚ್ಚನ ಕೆಲಸ ಎಂದುಕೊಂಡೇ ಕಂಬ ಕಡೆದುಕೊಟ್ಟ. ಗೋಡೆಗೆ ಸುಣ್ಣ ಬಳಿಯಲು ಕನ್ನಡಿಯವನು ಸುಣ್ಣದವನನ್ನು ಕರೆದ. ಒಬ್ಬ ಗುಂಡಿ ತೋಡುವಾಗ ಒಬ್ಬ ಏಣಿಯ ಮೇಲಿದ್ದ. ಏಣಿಗೂ ಗುಂಡಿಗೂ ಹತ್ತು ಮಾರು. ಒಂದು ಮಾತಿಲ್ಲ.

ಆಟ ಶುರು ಎಂದು ಸಾರಲು ಕನ್ನಡಿಯವನ ತಮಟೆಯ ಮೇಲೆ ಮೂರು ಏಟು ಬಿತ್ತು. ಡಂ, ಡಂ, ಡಂ. ಗೋಡೆ ಬೆಳಗಿತು.

ಮೊದಮೊದಲು ದೊಡ್ಡ ಆಟದವರು ಯಾರೂ ಅವನನ್ನು ತಮ್ಮ ಬಯಲಿನ ಹತ್ತಿರ ಸೇರಿಸಲಿಲ್ಲ. ಆದರೆ ಗೋಡೆ ಖಾಲಿ ಬಿಡುವಂತಿಲ್ಲವಲ್ಲ? ಸಿಕ್ಕಿದ್ದೆಲ್ಲ ತೋರಿಸಿದ. ಅಗಸರಿಗೂ ಗಾಣಿಗರಿಗೂ ಹಗ್ಗಜಗ್ಗಾಟ ತೋರಿಸಿದ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಹೆಂಗಸರು ಓಡುವ ಓಟ ತೋರಿಸಿದ. ಇಬ್ಬರು ಹಲ್ಲಿಲ್ಲದ ಮುದುಕರು ಬೆಳಗಿನಿಂದ ಸಂಜೆಯವರೆಗೆ ಚೌಕಾಬಾರ ಆಡಿದ್ದನ್ನು, ನಡುವೆ ಒಬ್ಬ ನಿದ್ದೆ ಹೋದದ್ದನ್ನೂ ಸೇರಿಸಿ, ಪೂರ್ತಿ ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ಆದರೆ ನಗಲು ದಿನಾ ಬಂದರು, ಅದು ಮುಖ್ಯ. ಬರುವವರು ಚಾಪೆ ತಂದರು. ಚಾಪೆ ತಂದವರು ಕಡಲೆಕಾಯಿ ತಂದರು.

ಒಂದು ಸಂಜೆ, ಕೊಡದ ಓಟ ನಡೆದಿತ್ತು. ಮೊದಲು ಹೇಳಿದೆನಲ್ಲ, ಆ ಉಪ್ಪಿನ ಅತ್ತೆ ಸೊಸೆ, ಅಕ್ಕಪಕ್ಕ ಕೂತಿದ್ದರು. ಸೊಸೆ ಮೈಮರೆತು, "ಅಯ್ಯೋ, ಹಸಿರು ಸೀರೆಯವಳ ಕೊಡ ವಾಲ್ತಾ ಇದೆ!" ಎಂದಳು. ಅತ್ತೆ, "ವಾಲಲ್ಲ ಬಿಡೇ. ನಾನು ಆ ವಯಸ್ಸಲ್ಲಿ ಎರಡು ಕೊಡ ಹೊತ್ತು ಓಡ್ತಿದ್ದೆ" ಎಂದಳು. "ನೀವಾ ಅತ್ತೆ? ನಿಜವಾಗ್ಲೂ?" "ನಿನ್ನ ಮಾವ ನನ್ನ ನೋಡಿದ್ದೇ ಆ ಓಟದಲ್ಲಿ ಕಣೇ."

ಸುತ್ತ ಇದ್ದವರಿಗೆ ಜೀವ ಹೋದ ಹಾಗಾಯಿತು. ನಡುವೆ ಕಂಬವಿಲ್ಲ, ಮಾತೂ ನೇರ ಒಬ್ಬರಿಗೊಬ್ಬರು! ಈಗ ಇಬ್ಬರ ಧ್ವನಿಯೂ ಇಂಗಿತು ಎಂದು ಎಲ್ಲರೂ ಕಾದರು. ಇಂಗಲಿಲ್ಲ. ಅತ್ತೆ ಹೇಳುತ್ತಲೇ ಹೋದಳು, ಸೊಸೆ ಕೇಳುತ್ತಲೇ ಹೋದಳು. ಉಪ್ಪಿನಾಚೆಗೆ ಅವರಿಬ್ಬರು ಆಡಿದ ಮೊದಲ ಮಾತು ಅದು.

ಕಟ್ಟಳೆ ಕಾಯುವ ಯಜಮಾನರಿಗೆ ಸುದ್ದಿ ಹೋಯಿತು. ಅವರು ಹುಬ್ಬು ಗಂಟಿಕ್ಕಿಕೊಂಡು ಬಂದು, ಪರೀಕ್ಷೆ ಮಾಡುತ್ತೇನೆಂದು ಗೋಡೆಯ ಮುಂದೆ ಕೂತರು. ಏಳು ದಿನ ಕೂತರು. ಎಂಟನೆಯ ದಿನ ಮನೆಯಿಂದ ದಿಂಬು ತರಿಸಿಕೊಂಡರು. ಒಂಬತ್ತನೆಯ ದಿನ ತೀರ್ಪು ಕೊಟ್ಟರು: "ಇದೂ ಕಂಬವೇ. ಅಗಲಕ್ಕೆ ಹರಡಿದ ಕಂಬ."

ಆಮೇಲೆ ನೋಡಿ, ಗೋಡೆ ಬೆಳೆದ ಪರಿ! ದೊಡ್ಡ ಆಟದವರು ತಾವೇ ಬಂದು, ನಮ್ಮದನ್ನೂ ತೋರಿಸಿ ಎಂದು ಕನ್ನಡಿಯವನ ಬಾಗಿಲಲ್ಲಿ ನಿಂತರು. ಚಹಾದಂಗಡಿಗೊಂದು ಗೋಡೆ ಬಂತು, ಕ್ಷೌರದಂಗಡಿಗೊಂದು ಬಂತು, ವೈದ್ಯರ ಜಗಲಿಗೂ ಬಂತು. ಅಪ್ಪಂದಿರು ಮಕ್ಕಳ ಜೊತೆ ಮಾತಾಡಿದರು. ಬೀಗರು ಬೀಗರ ಜೊತೆ ಮಾತಾಡಿದರು. ಹೊಳೆಯ ಆಚೆ ದಡದವರು, ಈಚೆ ದಡದವರನ್ನು ಕಂಡರೆ ಆಗದವರು, "ನಿಮ್ಮೋರು ನಿನ್ನೆ ಏನು ಆಡಿದ್ರಪ್ಪ, ಗಂಜಿ ಕುಡಿದಿರಲಿಲ್ವಾ?" ಎಂದು ಕೆಣಕಲಾದರೂ ಬಾಯಿ ಬಿಟ್ಟರು. ಆ ಮೂರು ಏಟು ಊರಿನ ಉಸಿರೊಳಗೇ ಸೇರಿತು. ಅಳುವ ಕೂಸು ಡಂ ಡಂ ಡಂ ಕೇಳಿದರೆ ಸುಮ್ಮನಾಗುವುದು. ಕದ ತಟ್ಟುವವರು ಮೂರೇ ಸಲ ತಟ್ಟುವರು. ಮೇಷ್ಟರು ಪರೀಕ್ಷೆಯ ಅಂಕಗಳನ್ನು ಡೆಸ್ಕಿನ ಮೇಲೆ ಮೂರು ಬಾರಿ ಬಡಿದೇ ಓದುವರು. ಅಡುಗೆಯವನು ಸೌಟು ಎತ್ತಿ, "ಇವತ್ತು ಸಾರು ಕೊನೇ ಗಳಿಗೇಲಿ ಗೆದ್ದುಬಿಡ್ತು" ಎನ್ನುವನು. ಎಲ್ಲವೂ ಚಿನ್ನವಾಗಿತ್ತು ಎಂದು ಹೇಳುತ್ತಿಲ್ಲ. ಬೆಳಗಾದರೆ ಇಬ್ಬರು ದೊಡ್ಡ ಗಂಟಲಿನವರು ಗೋಡೆಯ ಪಕ್ಕದ ಜಗಲಿಯಲ್ಲಿ ಕೂತು, ಇನ್ನೂ ಆಡದ ಆಟದ ಬಗ್ಗೆ ಮೇಜು ಕುಟ್ಟಿ ಕಿರುಚುತ್ತಿದ್ದರು. ಅದನ್ನು ನೋಡಿ ಊರಿನ ಗಂಡಸರಿಗೂ ಕಿರುಚುವ ಚಟ ಹತ್ತಿತು. ಕೊಡದ ಓಟದ ಹೆಂಗಸು ಬಂದು, "ಮೊದಲು ನಮ್ಮನ್ನ ತೋರಿಸ್ತಿದ್ರಿ. ಈಗ ದೊಡ್ಡೋರು ಸಿಕ್ಕಿದ್ರು ಅಂತ ಮರೆತ್ರಾ?" ಎಂದು ಕೇಳಿದಾಗ ಕನ್ನಡಿಯವನು ತಲೆ ಕೆರೆದುಕೊಂಡ.

ಇತ್ತ ಬಡಗಿಗೆ ಕೆಲಸವಿರಲಿಲ್ಲ. ಮಾತುಗಂಬ ಯಾರಿಗೆ ಬೇಕು? ಅವನ ಅಂಗಳದಲ್ಲಿ ಅರ್ಧ ಕಡೆದ ಕಂಬಗಳ ಮೇಲೆ ಹಪ್ಪಳ ಒಣಗುತ್ತಿದ್ದವು. ಗೋಡೆಯ ಕಡೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಮನೆಯಲ್ಲೇ ಕೂತ. ಹಾಗೆ ಕೂತಿದ್ದಾಗ ಅವನ ಹೆಂಡತಿ ಬಾವಿಯಿಂದ ಬಂದು ಕಂಬಕ್ಕೆ ಹೇಳಿದಳು:

"ಭಾವನ ಕಣ್ಣು ಹೋಗ್ತಾ ಇದೆಯಂತೆ."

"ಯಾವ ಕಣ್ಣು?"

"ಎರಡೂ. ಮೂವತ್ತು ವರ್ಷ ಸುಣ್ಣ ಸಿಡಿದಿದೆಯಲ್ಲ. ಈಗ ಬರೀ ಬೆಳಕು, ನೆರಳು ಕಾಣುತ್ತಂತೆ. ಇನ್ನು ಸ್ವಲ್ಪ ದಿನಕ್ಕೆ ಅದೂ ಇಲ್ಲವಂತೆ. ಅಕ್ಕನೇ ಕೈ ಹಿಡಿದು ಗೋಡೆ ಹತ್ತಿರ ಕರಕೊಂಡು ಹೋಗ್ತಾಳೆ."

ಬಡಗಿ ಎದ್ದು ನಿಂತ. ಮುಖ ಮಾಡಲು ಮೂರನೆಯದೊಂದು ಬೇಕು ಎಂಬ ಊರಿನಲ್ಲಿ, ಕತ್ತಲೆಗೆ ಬಿದ್ದವನು ಮುಖ ಮಾಡುವುದು ಯಾವುದಕ್ಕೆ? ಅಣ್ಣನಿಗೆ ಬೆಳಕು ಇರುವಷ್ಟು ದಿನವೇ ತನಗೆ ಮಾತಿನ ಅವಕಾಶ. ಮೂವತ್ತು ವರ್ಷ ಇದೆ, ಇದೆ ಎಂದುಕೊಂಡದ್ದು ಈಗ ದಿನಗಳ ಲೆಕ್ಕಕ್ಕೆ ಬಂದು ನಿಂತಿತ್ತು.

ಅವತ್ತೇ ಹಟ ಬಿಟ್ಟು ಗೋಡೆಯ ಬಳಿ ಹೋದ. ಯಜಮಾನರು ದಿಂಬಿಗೆ ಒರಗಿದ್ದರು. ಅವನು ಪಕ್ಕದಲ್ಲಿ ಕೂತು, ಗೋಡೆಗೆ ಮುಖ ಮಾಡಿ ಕೇಳಿದ:

"ಬುದ್ಧೀ, ಈ ಗೋಡೆಯ ಮುಂದೆ ನಾನೂ ನಮ್ಮಣ್ಣಾನೂ ಮಾತಾಡಬಹುದಾ?"

"ತಡಿಯಯ್ಯಾ, ಇದೊಂದು ಮುಗೀಲಿ."

ಮುಗಿಯಿತು. ಇನ್ನೊಂದು ಶುರುವಾಯಿತು.

"ಬುದ್ಧೀ..."

"ಹಾಂ. ಕೆಡವಿದವರು ನಿಲ್ಲಿಸಿದ ಕಂಬ ಆಗೋದಿಲ್ಲ, ಅದು ಗೊತ್ತಲ್ಲ ನಿನಗೆ?"

"ನಿಲ್ಲಿಸಿದ್ದು ಕನ್ನಡಿಯವರು."

"ಕನ್ನಡಿ ಹೊತ್ತ ಕಂಬ ಯಾರದ್ದು?"

"ನಂದು."

"ಗೋಡೆಯ ಸುಣ್ಣ?"

"ಅವನದು."

ಯಜಮಾನರು ಗಲ್ಲ ತುರಿಸಿಕೊಂಡರು. "ನೀವು ನಿಲ್ಲಿಸಲಿಲ್ಲ, ಸರಿ. ಆದರೆ ನಿಮ್ಮಿಬ್ಬರ ಕೈಯೂ ಇದರಲ್ಲಿದೆ. ನನ್ನ ತಾತನ ಕಾಲದಿಂದ ಇಂಥದ್ದು ಬಂದಿಲ್ಲ ಕಣಯ್ಯ. ಆಡಿ ನೋಡು. ಧ್ವನಿ ಉಳಿದರೆ ಸರಿ ಅಂತ ಅರ್ಥ."

"ಉಳೀದಿದ್ರೆ?"

"ಸೊಪ್ಪು ಮಾರೋನಿಗೆ ಜೊತೆಯಾಯ್ತು."

ಮರುದಿನ ಆ ವರ್ಷದ ಅತಿ ದೊಡ್ಡ ಆಟ. ಎರಡೂ ದಡಗಳ ಜನ ಸೇರಿದ್ದರು, ಚಾಪೆಗೆ ಚಾಪೆ ಅಂಟಿತ್ತು. ಅತ್ತಿಗೆ ಅಣ್ಣನ ಕೈ ಹಿಡಿದು ತಂದು ಕೂರಿಸಿದಳು. ಬಡಗಿ ನೋಡಿದ, ಅಣ್ಣನ ತಲೆ ಅವನೇ ಬಳಿದ ಗೋಡೆಯಷ್ಟು ಬಿಳುಪಾಗಿತ್ತು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಚಾಪೆ ಉಳಿದಿತ್ತು. ಬಡಗಿ ಹೋಗಿ ಕೂತ. ಅತ್ತಿಗೆ ನೋಡಿ ನೋಡದವಳಂತೆ ಅತ್ತ ತಿರುಗಿ ಕಡಲೆಕಾಯಿ ಬಿಡಿಸತೊಡಗಿದಳು. ಹೊರುವಂತಿಲ್ಲದ ಮಾತನ್ನು ಅವಳು ಮೂವತ್ತು ವರ್ಷ ಹೊರದೆ ಕಾದವಳು.

ಡಂ, ಡಂ, ಡಂ.

ಗೋಡೆ ಬೆಳಗಿತು, ಆದರೆ ಗೋಡೆಯ ತುಂಬ ಬರೀ ಬಿಳುಪು. ದೂರದ ದೊಡ್ಡ ಬಯಲಿನಲ್ಲಿ ಮಂಜು ಕವಿದಿತ್ತು. ಆಟಗಾರರಿಗೇ ಒಬ್ಬರಿಗೊಬ್ಬರು ಕಾಣುತ್ತಿಲ್ಲ, ಇವತ್ತು ಆಟವಿಲ್ಲ ಎಂದು ಸುದ್ದಿ ಬಂತು. ಜನ ಕೂಗಾಡಿದರು. ಎದ್ದರು. ಕನ್ನಡಿಯವನು ಗಾಬರಿಬಿದ್ದ, ಗೋಡೆ ಖಾಲಿ! ಹೊತ್ತ ಹರಕೆ ಇವತ್ತು ಮುರಿಯಿತು ಎಂದು ಕಂಬದಿಂದ ಕಂಬಕ್ಕೆ ಓಡಿ, ಕೈಗೆ ಸಿಕ್ಕ ಕನ್ನಡಿಯನ್ನು ಕೈಗೆ ಸಿಕ್ಕ ಕಡೆಗೆ ತಿರುಗಿಸಿದ. ಅದು ಪಕ್ಕದ ಹಳ್ಳಿಯ ಕಣದ ಮೇಲೆ ಬಿತ್ತು. ಅಲ್ಲಿ ಏಳೆಂಟು ಜನ, ತಮ್ಮನ್ನು ಎರಡೂ ದಡಗಳ ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ, ಪಂಚೆ ಎತ್ತಿ ಕಟ್ಟಿಕೊಂಡು ಚಿಣ್ಣಿದಾಂಡು ಆಡುತ್ತಿದ್ದರು.

ಎದ್ದವರು ಒಬ್ಬೊಬ್ಬರಾಗಿ ಕೂತರು. ಕೊಡದ ಓಟದ ಹೆಂಗಸು, "ಹಾಂ, ಈಗ ಬಂದ್ರು ನೋಡಿ ದಾರಿಗೆ" ಎಂದಳು.

ಗೋಡೆಯ ಮೇಲೆ ಒಬ್ಬ ಚಿಣ್ಣಿಯ ತುದಿಗೆ ತಟ್ಟಿದ. ಅದು ಎಗರಿತು. ಬೀಸಿ ಹೊಡೆದ. ಅದು ಆಕಾಶಕ್ಕೆ ಹೋಗಿ ಬಂತು. ಇನ್ನೊಬ್ಬ ಓಡಿ, ಮುಗ್ಗರಿಸಿ, ನೆಲಕ್ಕೆ ಎದೆ ಕೊಟ್ಟು ಕೈಚಾಚಿದ.

ಊರೆಲ್ಲ ಒಂದೇ ಸಲ ಉಸಿರೆಳೆದುಕೊಂಡಿತು. ಆ ಸದ್ದು ಸುಣ್ಣದವನ ಕಿವಿಗೆ ಬಿತ್ತು. ಕಣ್ಣಿಗೆ ಏನೂ ಬೀಳಲಿಲ್ಲ.

"ಏನಾಯ್ತು?" ಎಂದು ಅವನು ಗೋಡೆಯನ್ನು ಕೇಳಿದ.

"ನನಗೇನು ಗೊತ್ತು, ಧೂಳೆದ್ದಿತು" ಎಂದಳು ಅತ್ತಿಗೆ.

"ಅಯ್ಯೋ, ಏನಾಯ್ತು ಅಂತ ಯಾರಾದ್ರೂ ಹೇಳ್ರೋ!"

ಸುತ್ತ ಇದ್ದವರು ಬಾಯಿ ತೆರೆದರು, ಪಕ್ಕದಲ್ಲಿ ಕೂತಿದ್ದವನು ಯಾರೆಂದು ನೋಡಿದರು, ಮುಚ್ಚಿಕೊಂಡರು. ಕನ್ನಡಿಯವನ ಹತ್ತಿರ ಇನ್ನೊಂದು ವಿಚಿತ್ರ ಕನ್ನಡಿ ಇತ್ತು, ಕಂಡದ್ದನ್ನು ಮರೆಯದ ಕನ್ನಡಿ. ಅದನ್ನು ಅವನು ತಿರುಗಿಸಿದ. ಗೋಡೆಯ ಮೇಲೆ ಅದೇ ಗಳಿಗೆ ಮತ್ತೆ ಬಂತು, ನಿಧಾನವಾಗಿ, ನೀರೊಳಗೆ ನಡೆದಂತೆ. ಚಿಣ್ಣಿ ಇಳಿಯಿತು. ಕೈ ಚಾಚಿತು. ಧೂಳಿನ ಒಂದು ಎಸಳು ಎದ್ದಿತು. ಎರಡನೆಯ ಸಲ ಬಂತು. ಮೂರನೆಯ ಸಲ ಬಂತು. ಬಡಗಿ ಕಣ್ಣು ಕೀಲಿಸಿ ನೋಡಿದ. ಎಷ್ಟು ನಿಧಾನ ಮಾಡಿದರೂ ಬೆರಳಿಗೂ ನೆಲಕ್ಕೂ ನಡುವೆ ಆ ಧೂಳು ಇದ್ದೇ ಇತ್ತು. ಅರ್ಧ ಊರು ಹಿಡಿದ ಎಂದಿತು, ಅರ್ಧ ಊರು ಮುಟ್ಟಿತು ಎಂದಿತು, ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿಕೊಂಡು ನಗುತ್ತಿದ್ದರು. ಇಷ್ಟಕ್ಕಾ, ಎಂದುಕೊಂಡ ಬಡಗಿ. ಇಷ್ಟು ಧೂಳಿಗಾ.

ಗೋಡೆಗೆ ಮುಖ ಮಾಡಿದ. ಗಂಟಲನ್ನು ಒಂದು ಸಲ ಮುಟ್ಟಿಕೊಂಡ, ಊರು ಬಿಡುವವನು ಹೊಸ್ತಿಲು ಮುಟ್ಟುವ ಹಾಗೆ.

"ಹಿಡಿದ" ಎಂದ. "ನೆಲ ಮುಟ್ಟಲಿಲ್ಲ. ಅವನು ಹಿಡಿದ, ಅಣ್ಣಾ."

ಸುಣ್ಣದವನು ತಿರುಗಬಾರದೆಂದು ಎರಡೂ ಕೈಯಲ್ಲಿ ಚಾಪೆಯನ್ನು ಹಿಡಿದುಕೊಂಡ. ಗೋಡೆಯ ಆ ಮಸುಕು ಬೆಳಕಿಗೇ ಮುಖ ಮಾಡಿದ.

"ಇಲ್ಲ" ಎಂದ. "ಮುಟ್ಟಿತು."

"ನಿನಗೆಲ್ಲಿ ಕಾಣುತ್ತೆ?"

"ಮೂವತ್ತು ವರ್ಷದಿಂದ ಕಾಣ್ತಾನೇ ಇದೆ ಕಣೋ, ತಮ್ಮಾ."

ಬಡಗಿ ಸಣ್ಣಗೆ ಕೆಮ್ಮಿ ನೋಡಿಕೊಂಡ. ಧ್ವನಿ ಇತ್ತು.

"ಹಿಡಿದ ಅಂದ್ರೆ ಹಿಡಿದ" ಎಂದ.

"ಮುಟ್ಟಿತು ಅಂದ್ರೆ ಮುಟ್ಟಿತು. ದೊಡ್ಡೋನ ಮಾತು ಕೇಳು."

"ಯಾವತ್ತು ಕೇಳಿದ್ದೆ, ಇವತ್ತು ಕೇಳೋಕೆ?"

ಅತ್ತಿಗೆ ಬಿಡಿಸಿದ ಕಡಲೆಕಾಯಿಯನ್ನು ಎರಡು ಪಾಲು ಮಾಡಿ ಇಬ್ಬರ ಮಡಿಲಿಗೂ ಹಾಕಿ ಮೂಗು ಒರೆಸಿಕೊಂಡಳು. ಯಜಮಾನರು ದಿಂಬಿನಿಂದ ತಲೆಯೆತ್ತಿ, "ಉಳಿಯಿತಲ್ಲಯ್ಯ ಧ್ವನಿ!" ಎಂದು ಕೂಗಿ, ಮತ್ತೆ ಆಟಕ್ಕೆ ತಿರುಗಿದರು.

ತಿಂಗಳೆರಡು ಕಳೆಯುವುದರಲ್ಲಿ ಅಣ್ಣನ ಕಣ್ಣಿನ ಬೆಳಕು ಪೂರ್ತಿ ಆರಿತು. ಯಜಮಾನರನ್ನು ಕೇಳಿದರೆ, "ಮುಖ ಮಾಡಿರಬೇಕು ಅಂತಷ್ಟೇ ಕಟ್ಟಳೆ, ಕಾಣಲೇಬೇಕು ಅಂತ ಎಲ್ಲಿದೆ?" ಎಂದರು. ಅವರ ಹೊಟ್ಟೆ ತಣ್ಣಗಿರಲಿ. ದಿನಾ ಸಂಜೆ ಬಡಗಿ ಅಣ್ಣನನ್ನು ಕರೆತಂದು, ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿ ಕೂರಿಸುತ್ತಿದ್ದ. ಕೂರಿಸಿ ಹೇಳುತ್ತಿದ್ದ: ಈಗ ಎಡಗಡೆಯವನು ಬಂದ, ಗಡ್ಡದವನು ಬೈದುಕೊಳ್ಳುತ್ತಿದ್ದಾನೆ, ಒಂದು ನಾಯಿ ಬಯಲಿಗೆ ನುಗ್ಗಿದೆ. ಕಣ್ಣು ಮಂಜಾದ ಬೇರೆ ಮುದುಕರೂ ಹತ್ತಿರಕ್ಕೆ ಸರಿದರು. ಆಮೇಲೆ ಕಣ್ಣಿದ್ದವರೂ ಸರಿದರು. ಕನ್ನಡಿಯವನು ಅದನ್ನು ಕಂಡು ಬಡಗಿಗೊಂದು ಎತ್ತರದ ಪೀಠ ಹಾಕಿಸಿದ. ಅಲ್ಲಿಯವರೆಗೆ ಮೂಕವಾಗಿದ್ದ ಗೋಡೆಗೆ ಮಾತು ಬಂದದ್ದು ಹಾಗೆ. ವಾರಕ್ಕೊಂದು ದಿನ ಕೊಡದ ಓಟವನ್ನೂ ಮತ್ತೆ ತೋರಿಸತೊಡಗಿದರು.

ಪೀಠ ಬಂದರೂ ಬಡಗಿ ಅದರ ಮೇಲೆ ಕೂರಲಿಲ್ಲ, ಚಾಪೆಯಿಂದಲೇ ಹೇಳುತ್ತಿದ್ದ. ಹೇಳಿ ಹೇಳಿ ಆಯಾಸವಾಗಿ ಒಂದು ಗಳಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದನೆಂದರೆ ಸಾಕು, ಅಣ್ಣನ ಮೊಣಕೈ ಅವನ ಪಕ್ಕೆಗೆ ತಾಕುತ್ತಿತ್ತು. ಮೂರು ಸಲ, ಮೆಲ್ಲಗೆ.

"ಹೂಂ, ಆಮೇಲೆ?"